ಕರುಳಿನ ಆಪರೇಷನ್ ಆದಮೇಲೆ ಮೂತ್ರದ ತೊಂದರೆ: ಇಂಗ್ಲೆಂಡಿನಲ್ಲಿ ಯಾರಿಗೆ ಫೋನ್ ಮಾಡಬೇಕು?

ನಮ್ಮ ಮನೆಯವರಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಕೆಲವು ತಿಂಗಳಾಗಿತ್ತು. ಒಂದು ಬೆಳಗ್ಗೆ ಬಾತ್‌ರೂಮಿನಿಂದ ಬಂದು, "ಒಂದಕ್ಕೆ ಹೋದ್ರೆ ಸೋಡಾ ಥರ ಗುಳ್ಳೆ ಬರ್ತಿದೆ ಕಣೇ" ಅಂದರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಜಿಪಿ (ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋದಾಗ ಉರಿ, ಜ್ವರ ಅಂತಷ್ಟೇ ಹೇಳಿದೆವು, ಆಂಟಿಬಯೋಟಿಕ್ ಕೊಟ್ಟರು, ಕಡಿಮೆ ಆಯ್ತು, ಮತ್ತೆ ಬಂತು, ಮತ್ತೊಂದು ಕೋರ್ಸ್. ಗುಳ್ಳೆ ವಿಷಯ ನಾಚಿಕೆಗೆ ಬಾಯಿಬಿಡಲಿಲ್ಲ. ಕೊನೆಗೆ ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಯಿತು, ಕರುಳಿಗೂ ಮೂತ್ರಕೋಶಕ್ಕೂ ನಡುವೆ ಸಣ್ಣ ದಾರಿ ಆಗಿತ್ತು. ಫಿಸ್ಟುಲಾ ಅಂತಾರೆ. ಅಪರೂಪ, ಆದರೆ ಆಗುತ್ತದೆ. ಮೂತ್ರದಲ್ಲಿ ಗಾಳಿ, ಮಲದ ವಾಸನೆ, ಪದೇಪದೇ ಇನ್ಫೆಕ್ಷನ್ ಇದ್ದರೆ ಇದ್ದದ್ದನ್ನು ಇದ್ದಹಾಗೆ ಹೇಳಿ.

ಹೇಳುವುದು ಯಾರಿಗೆ? ಮೊದಲು ಕೊಲೊರೆಕ್ಟಲ್ ಸ್ಪೆಷಲಿಸ್ಟ್ ನರ್ಸ್‌ಗೆ, ಅಂದರೆ ಕರುಳಿನ ಕ್ಯಾನ್ಸರ್ ಆದವರನ್ನು ನೋಡಿಕೊಳ್ಳುವ ಆಸ್ಪತ್ರೆಯ ನರ್ಸ್‌ಗೆ. ಡಯಾಗ್ನೋಸಿಸ್ ಆದಾಗಲೇ ಅವರ ನಂಬರ್ ಇರುವ ಕಾರ್ಡ್ ಕೊಟ್ಟಿರುತ್ತಾರೆ, ನಾವು ಅದನ್ನು ಡ್ರಾಯರ್‌ಗೆ ಹಾಕಿ ಮರೆತಿದ್ದೆವು. ಸರ್ಜನ್‌ಗೆ, ಯುರಾಲಜಿಗೆ (ಮೂತ್ರದ ತೊಂದರೆ ನೋಡುವ ವಿಭಾಗ) ಸುದ್ದಿ ಮುಟ್ಟಿಸುವ ಹತ್ತಿರದ ದಾರಿ ಅವರೇ. ರಾತ್ರಿ, ವೀಕೆಂಡ್ ಆದರೆ 111, ಎನ್‌ಎಚ್‌ಎಸ್ ಸಹಾಯವಾಣಿ. ಚಳಿಜ್ವರದಿಂದ ನಡುಗುತ್ತಿದ್ದರೆ, ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬಿದ್ದರೆ ಕಾಯಬೇಡಿ, ನೇರ ಎ ಆ್ಯಂಡ್ ಇ (ಆಸ್ಪತ್ರೆಯ ಎಮರ್ಜೆನ್ಸಿ). ಮಾತು ತಡವರಿಸಿದರೆ, ಮಂಪರು ಕವಿದರೆ 999ಕ್ಕೆ ಫೋನ್ ಮಾಡಿ ಆಂಬ್ಯುಲೆನ್ಸ್ ಕರೆಸಿ.

ಗುದನಾಳದ ಆಪರೇಷನ್‌ನಲ್ಲಿ ಪಕ್ಕದ ನರಗಳಿಗೆ ಪೆಟ್ಟಾಗಿ ಮೂತ್ರ ಕಟ್ಟುವುದು ಫಿಸ್ಟುಲಾಕ್ಕಿಂತ ಜಾಸ್ತಿ. ಹಾಗಾದರೆ ಕ್ಯಾತಿಟರ್ (ಮೂತ್ರದ ಪೈಪ್) ಸಮೇತ ಮನೆಗೆ ಕಳಿಸುತ್ತಾರೆ, ಡಿಸ್ಟ್ರಿಕ್ಟ್ ನರ್ಸ್ ಮನೆಗೇ ಬಂದು ನೋಡುತ್ತಾರೆ. ಆಮೇಲೆ "ಟ್ವಾಕ್" (ಕ್ಯಾತಿಟರ್ ಇಲ್ಲದೆ ನೋಡುವ ಪ್ರಯತ್ನ) ಅನ್ನುವ ಅಪಾಯಿಂಟ್‌ಮೆಂಟ್ ಬರುತ್ತದೆ. ಹೆದರಬೇಡಿ, ಪೈಪ್ ತೆಗೆದು, ನೀರು ಕುಡಿಸಿ, ತಾನಾಗೇ ಬರುತ್ತಾ ನೋಡಿ, ಎಷ್ಟು ಉಳಿದಿದೆ ಅಂತ ಹೊಟ್ಟೆ ಮೇಲೆ ಸ್ಕ್ಯಾನ್ ಮಾಡುತ್ತಾರೆ ಅಷ್ಟೇ. ಬೇಸರ ತರಿಸುವ ದಿನ, ಪುಸ್ತಕ ಒಯ್ಯಿರಿ.

ದುಡ್ಡಿನ ಮಾತು: ಇಂಗ್ಲೆಂಡಿನಲ್ಲಿ ಔಷಧಿ ಚೀಟಿಗೆ ದುಡ್ಡು ಕೊಡುತ್ತಿದ್ದರೆ ಆ ದುಡ್ಡಿನಿಂದ ವಿನಾಯಿತಿ ಪಡೆಯುವ ಎಫ್‌ಪಿ92ಎ ಫಾರ್ಮ್ ಕೇಳಿ. ಜಿಪಿಯಲ್ಲೇ ಸಿಗುತ್ತದೆ. ಕ್ಯಾನ್ಸರ್‌ಗೋ ಅದರ ಅಥವಾ ಅದರ ಚಿಕಿತ್ಸೆಯ ಪರಿಣಾಮಕ್ಕೋ ಚಿಕಿತ್ಸೆ ಪಡೆಯುತ್ತಿರುವವರಿಗೆ 5 ವರ್ಷ ಚೀಟಿಯ ಎಲ್ಲ ಔಷಧಿಯೂ ಫ್ರೀ, ಕ್ಯಾನ್ಸರ್‌ದು ಮಾತ್ರ ಅಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಹೇಗೂ ಎಲ್ಲರಿಗೂ ಫ್ರೀ.

ಇಲ್ಲೇ ನೆಲೆಸಿರುವ ಅಪ್ಪ ಅಮ್ಮನಿಗೆ ಈ ತೊಂದರೆ ಆಗಿದ್ದರೆ, ಬುಕ್ ಮಾಡುವಾಗಲೇ ಕನ್ನಡ ಇಂಟರ್‌ಪ್ರಿಟರ್ ಬೇಕು ಅನ್ನಿ, ಅದಕ್ಕೆ ದುಡ್ಡಿಲ್ಲ. ಒಂದಕ್ಕೆ ಹೋಗೋ ಕಷ್ಟವನ್ನು ಯಾವ ತಾಯಿ ಮಗನ ಮುಂದೆ ಹೇಳ್ತಾಳೆ, ಅಲ್ವಾ?