ಭಾಷಣ ಒಂದು ಗಂಟೆ, ಸುದ್ದಿ ನಾಲ್ಕು ವಾಕ್ಯ

ಬೆಂಗಳೂರಿನಲ್ಲಿ ರೇಡಿಯೊ ಸುದ್ದಿಗೆ ಕ್ಯಾಶುಯಲ್ ಆಗಿ, ಅಂದರೆ ಕಾಯಂ ನೌಕರಿಯಿಲ್ಲದೆ, ಕೆಲಸ ಮಾಡುತ್ತೇನೆ. ವರದಿಯೂ ಮಾಡುತ್ತೇನೆ, ಬುಲೆಟಿನ್ನೂ ಬರೆಯುತ್ತೇನೆ. ರಾಜಕೀಯ ನಾಯಕರ ಭಾಷಣಗಳೇ ಜಾಸ್ತಿ. ಅವರು ಒಂದು ಗಂಟೆ ಮಾತಾಡಿರುತ್ತಾರೆ, ನನಗೆ ಸಿಗುವುದು ಮೂರೋ ನಾಲ್ಕೋ ವಾಕ್ಯ.

ಅದಕ್ಕೇ ಭಾಷಣ ಕೇಳುವಾಗ ಎಲ್ಲವನ್ನೂ ಬರೆದುಕೊಳ್ಳುವುದಿಲ್ಲ. ನಿನ್ನೆವರೆಗೆ ಹೇಳದೇ ಇದ್ದದ್ದನ್ನು ಇವತ್ತು ಏನು ಹೇಳಿದರು ಅನ್ನುವುದಷ್ಟೇ ಬೇಕು. ಆ ಮಾತು ಬಂದ ಕೂಡಲೇ ರೆಕಾರ್ಡರ್‌ನಲ್ಲಿ ಓಡುತ್ತಿರುವ ಸಮಯವನ್ನು ಪುಸ್ತಕದ ಅಂಚಿನಲ್ಲಿ ಗುರುತು ಹಾಕುತ್ತೇನೆ. ಆಮೇಲೆ ಧ್ವನಿ ತುಣುಕು ಹುಡುಕಲು ಪರದಾಡಬೇಕಿಲ್ಲ. ಫ್ರೀಡಂ ಪಾರ್ಕಿನಂಥ ಕಡೆ ಸ್ಪೀಕರ್ ಎದುರು ರೆಕಾರ್ಡರ್ ಹಿಡಿದರೆ ಬರೀ ಗುಂಯ್‌ಗುಡುತ್ತದೆ. ಸೌಂಡ್ ಸಿಸ್ಟಂ ಹುಡುಗನನ್ನು ಮೊದಲೇ ಮಾತಾಡಿಸಿ, ಮೈಕುಗಳ ಧ್ವನಿ ಬಂದು ಸೇರುವ ಮಿಕ್ಸರ್‌ನಿಂದಲೇ ತಂತಿ ಎಳೆದು ರೆಕಾರ್ಡರಿಗೆ ಧ್ವನಿ ತಗೊಳ್ಳುತ್ತೇನೆ.

ನಿಜವಾದ ಕಷ್ಟ ಇರುವುದು ಬರೆಯುವಾಗ. ಈ ವಾಕ್ಯ ನೋಡಿ: ‘ರಸ್ತೆ ಕಾಮಗಾರಿಯಲ್ಲಿ ಭಾರಿ ಅಕ್ರಮ ನಡೆದಿದ್ದು, ಸರ್ಕಾರ ಕಣ್ಮುಚ್ಚಿ ಕುಳಿತಿದೆ ಎಂದು ವಿರೋಧ ಪಕ್ಷದ ನಾಯಕರು ಆರೋಪಿಸಿದ್ದಾರೆ.’ ಪೇಪರ್‌ನಲ್ಲಿ ಇದು ಸರಿ. ರೇಡಿಯೊದಲ್ಲಿ ಕೊನೆಯವರೆಗೂ ಇದು ಯಾರ ಮಾತು ಅಂತ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಕುಕ್ಕರ್ ಕೂಗಿದರೆ, ಆರೋಪ ಮಾಡಿದ್ದು ರೇಡಿಯೊನೇ ಅಂದುಕೊಳ್ಳುತ್ತಾರೆ. ಹಾಗಾಗಿ ನಾನು ಒಡೆದು ಬರೆಯುತ್ತೇನೆ: ‘ವಿರೋಧ ಪಕ್ಷದ ನಾಯಕರು ಸರ್ಕಾರದ ಮೇಲೆ ಆರೋಪ ಹೊರಿಸಿದ್ದಾರೆ. ರಸ್ತೆ ಕಾಮಗಾರಿಯಲ್ಲಿ ಭಾರಿ ಅಕ್ರಮ ನಡೆದಿದ್ದರೂ ಸರ್ಕಾರ ಕಣ್ಮುಚ್ಚಿ ಕುಳಿತಿದೆ ಎಂಬುದು ಅವರ ದೂರು.’ ಹೇಳಿದವರು ಮೊದಲು, ಹೇಳಿದ್ದು ಆಮೇಲೆ. ಈ ವಿಷಯದಲ್ಲಿ ನಾನು ಹಟಮಾರಿ.

ಅಂಕಿಗಳದ್ದೂ ಹೀಗೇ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ 16ನೇ ಬಜೆಟ್ ಮಂಡಿಸಿದರು. ಗಾತ್ರ 4,09,549 ಕೋಟಿ ರೂಪಾಯಿ. ಇದನ್ನು ಪೂರ್ತಿ ಓದಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ‘ನಾಲ್ಕು ಲಕ್ಷ ಒಂಬತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು’ ಅಂದರೆ ಸಾಕು. ಒಂದು ವಾಕ್ಯದಲ್ಲಿ ಒಂದೇ ಅಂಕಿ ಇರಲಿ.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮೂರಲ್ಲಿ ಎಷ್ಟೊಂದು ಖಾಸಗಿ ಎಫ್‌ಎಂಗಳಿದ್ದರೂ ಅವು ಸ್ವಂತ ಸುದ್ದಿ ಕೊಡುವಂತಿಲ್ಲ. 2019ರಲ್ಲಿ ಅನುಮತಿ ಸಿಕ್ಕಿದ್ದು ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಪ್ರಸಾರ ಮಾಡುವುದಕ್ಕೆ ಮಾತ್ರ. ಅಂದರೆ ರೇಡಿಯೊ ಒಂದನ್ನೇ ನಂಬಿಕೊಂಡವರು ಈ ನಾಲ್ಕು ವಾಕ್ಯದಿಂದಲೇ ರಾಜಕೀಯ ತಿಳಿದುಕೊಳ್ಳಬೇಕು. ಅದು ಸಣ್ಣ ಜವಾಬ್ದಾರಿಯಲ್ಲ ಅಲ್ವಾ?

ಚುನಾವಣೆ ಹೊತ್ತಿನಲ್ಲಿ ಪಕ್ಷಗಳಿಗೆ ಸರ್ಕಾರಿ ರೇಡಿಯೊದಲ್ಲಿ ಉಚಿತ ಸಮಯ ಕೊಡುವ ಪದ್ಧತಿ 1977ರಿಂದ ಇದೆ. ಯಾರಿಗೆ ಯಾವಾಗ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ದಿನನಿತ್ಯದ ಸುದ್ದಿಗೆ ಅಂಥ ಚೀಟಿ ಇಲ್ಲ, ಮೇಜಿನ ಮುಂದೆ ಕೂತವರೇ ತೂಗಬೇಕು. ಆರೋಪ ಬಂದರೆ ಸಂಬಂಧಪಟ್ಟ ಸಚಿವರ ಕಡೆಗೆ ಫೋನ್ ಮಾಡುತ್ತೇನೆ. ಉತ್ತರ ಸಿಕ್ಕರೆ ಅದೇ ಬುಲೆಟಿನ್ನಿನಲ್ಲಿ, ಆರೋಪದ ಬೆನ್ನಿಗೇ ಹೋಗಬೇಕು. ಸಿಗದಿದ್ದರೆ ಬೆಳಗಿನ ಪಾಳಿಯವರಿಗೆ ಬರೆದಿಟ್ಟು ಹೋಗುತ್ತೇನೆ: ಯಾರಿಗೆ ಕರೆ ಮಾಡಿದ್ದೆ, ಮತ್ತೆ ಯಾರನ್ನು ಕೇಳಬೇಕು, ಉತ್ತರ ಬಂದರೆ ಯಾವ ಸುದ್ದಿಯ ಜೊತೆ ಹಾಕಬೇಕು.