ಮಲೆನಾಡಿನ ವಾಹನವಿರಳ ರಸ್ತೆಗಳಲ್ಲಿ ಸೈಕಲ್ ಸವಾರಿ: ಚಿಕ್ಕಮಗಳೂರು ಸೀಮೆಯಲ್ಲಿ ದಾರಿ ಆರಿಸಿಕೊಳ್ಳುವ ಬಗೆ

ಚಿಕ್ಕಮಗಳೂರಿಗೆ ಸೈಕಲ್ ತರುವವರಲ್ಲಿ ಹೆಚ್ಚಿನವರು ಮೊದಲು ಹಿಡಿಯುವುದು ಮುಳ್ಳಯ್ಯನಗಿರಿಯ ದಾರಿಯನ್ನು. ಸುಮಾರು 1930 ಮೀಟರ್ ಎತ್ತರದ, ರಾಜ್ಯದಲ್ಲೇ ಅತ್ಯುನ್ನತವಾದ ಶಿಖರವನ್ನು ಸ್ವಂತ ಕಾಲಬಲದಿಂದ ಏರಬೇಕೆಂಬ ಆಸೆ ಸಹಜವಾದದ್ದೇ. ಆದರೆ ಶನಿವಾರ, ಭಾನುವಾರಗಳಲ್ಲಿ ಕೈಮರದಿಂದ ಮೇಲಕ್ಕೆ ಕಾರು, ಬೈಕುಗಳು ಸಾಲುಗಟ್ಟಿರುತ್ತವೆ, ಕಿರಿದಾದ ತಿರುವುಗಳಲ್ಲಿ ಸೈಕಲ್ಲಿಗೆ ಪಕ್ಕಕ್ಕೆ ಸರಿಯಲು ಜಾಗವೇ ಉಳಿಯುವುದಿಲ್ಲ. ನೆಮ್ಮದಿಯಿಂದ ಸೈಕಲ್ ತುಳಿಯಬೇಕೆನ್ನುವವರು ನೋಡುವ ಜಾಗಕ್ಕೆ ಹೋಗುವ ರಸ್ತೆಯನ್ನು ಬಿಟ್ಟು, ಇಲ್ಲಿನ ಜನ ಸಂತೆಗೆ, ಶಾಲೆಗೆ, ತೋಟದ ಕೆಲಸಕ್ಕೆ ಓಡಾಡುವ ರಸ್ತೆಯನ್ನು ಹುಡುಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹುಡುಕುವ ಕ್ರಮ ಕಷ್ಟದ್ದೇನಲ್ಲ. ನಕ್ಷೆಯಲ್ಲಿ ಮೊದಲು ಮೂರು ರಾಷ್ಟ್ರೀಯ ಹೆದ್ದಾರಿಗಳನ್ನು ಗುರುತಿಸಿಕೊಳ್ಳಿ: ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಬೇಲೂರುಗಳ ಮೂಲಕ ಸಾಗುವ 73, ಮೂಡಿಗೆರೆಯಿಂದ ಚಿಕ್ಕಮಗಳೂರಿನ ಮೂಲಕ ಕಡೂರಿಗೆ ಹೋಗುವ 173, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿಯುವ 75. ಇವುಗಳಲ್ಲಿ ಆದಷ್ಟು ಕಡಿಮೆ ದೂರ ಸಾಗುವಂತೆ ದಾರಿಯನ್ನು ಹೆಣೆಯಿರಿ. ಆಮೇಲೆ, ನೀವು ಆರಿಸಿದ ರಸ್ತೆಯ ಕೊನೆಯಲ್ಲಿ ಜಲಪಾತವೋ ವೀಕ್ಷಣಾ ತಾಣವೋ ಇದೆಯೇ ಎಂದು ನೋಡಿ. ಇದ್ದರೆ ಆ ದಾರಿಯನ್ನು ವಾರದ ನಡುವಿನ ದಿನಗಳಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ ಅಲ್ಲಿಯ ವಾಹನಗಳು ಬದಲಿ ಮಾರ್ಗಗಳಿಗೆ ಹೊರಳುವುದರಿಂದ, ನಿನ್ನೆಯವರೆಗೆ ಖಾಲಿಯಿದ್ದ ರಸ್ತೆಯಲ್ಲಿ ಇಂದು ಲಾರಿಗಳು ಸಾಲಾಗಿ ಬರಬಹುದು. ಹೊರಡುವ ಹಿಂದಿನ ದಿನದ ಸ್ಥಳೀಯ ಪತ್ರಿಕೆಯನ್ನು ಓದುವುದು ಇದಕ್ಕಾಗಿಯೇ.

ಹೊಸಬರು ಹಿರೇಕೊಳಲೆ ಕೆರೆಯಿಂದ ಆರಂಭಿಸುವುದು ಒಳ್ಳೆಯದು. ಪೇಟೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಈ ಕೆರೆಯ ಏರಿಯ ಮೇಲೆ ನಿಂತರೆ ಗಿರಿಶ್ರೇಣಿ ಎದುರಿಗೇ ಕಾಣುತ್ತದೆ. ಸಂಜೆ ಸೂರ್ಯಾಸ್ತ ನೋಡಲು ಜನ ಸೇರುವುದರಿಂದ ಬೆಳಿಗ್ಗೆಯೇ ಹೋಗಿ ಬನ್ನಿ. ಚಿಕ್ಕಮಗಳೂರು ಸುಮಾರು 1090 ಮೀಟರ್ ಎತ್ತರದಲ್ಲಿದೆ. ಬಯಲುಸೀಮೆಯಿಂದ ಬಂದವರು ಇಲ್ಲಿನ ಏರಿಳಿತಗಳಿಗೆ ಕಾಲನ್ನೂ ಉಸಿರನ್ನೂ ಹೊಂದಿಸಿಕೊಳ್ಳಲು ಮೊದಲ ದಿನಕ್ಕೆ ಇಷ್ಟು ಸಾಕು.

ಎರಡನೆಯ ದಿನಕ್ಕೆ ನಾನು ಹೇಳುವುದು ಮಲ್ಲಂದೂರು, ಮುತ್ತೋಡಿಯ ದಾರಿಯನ್ನು. ಹೋಗಿ ಬರಲು ಇಡೀ ದಿನವನ್ನು ಮೀಸಲಿಡಬೇಕಾದ ಈ ರಸ್ತೆ ಉದ್ದಕ್ಕೂ ಕಾಫಿ ತೋಟಗಳ ನಡುವೆಯೇ ಸಾಗುತ್ತದೆ. ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು, ಕೆಳಗೆ ಕಾಫಿ ಗಿಡಗಳು: ಈ ಮೂರು ಹಂತದ ನೆರಳಿನಿಂದಾಗಿ ನಡುಹಗಲಿನಲ್ಲೂ ಬಿಸಿಲು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ಅದೇ ನೆರಳು ಇನ್ನೊಂದು ತೊಂದರೆಯನ್ನೂ ತರುತ್ತದೆ. ಬಿಸಿಲು ಬೀಳದ ತಿರುವುಗಳಲ್ಲಿ ಟಾರಿನ ಮೇಲೆ ಪಾಚಿ ಕಟ್ಟುತ್ತದೆ. ಉದುರಿದ ಎಲೆಗಳು ಇಬ್ಬನಿಯಲ್ಲಿ ನೆನೆದು ಜಾರುತ್ತವೆ. ಬಿಸಿಲಿನಿಂದ ಸರಕ್ಕನೆ ನೆರಳಿಗೆ ಇಳಿದಾಗ ರಸ್ತೆಯ ಗುಂಡಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಇಳಿಜಾರಿನ ತಿರುವು ಬರುವ ಮೊದಲೇ, ಸೈಕಲ್ ನೇರವಾಗಿರುವಾಗಲೇ ಬ್ರೇಕ್ ಹಿಡಿದು ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟದೆ ಸಾಗುವ ಅಭ್ಯಾಸ ಮಾಡಿಕೊಳ್ಳಬೇಕು. ಮುತ್ತೋಡಿಯಿಂದ ಆಚೆಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರೊಳಗೆ ಹೋಗುವಂತಿಲ್ಲ, ಬಂದ ದಾರಿಯಲ್ಲೇ ಹಿಂತಿರುಗಬೇಕು.

ರೈಲನ್ನು ಬಳಸಿಕೊಂಡರೆ ಒಂದೇ ದಿಕ್ಕಿನ ಸವಾರಿಯೂ ಸಾಧ್ಯ. ಚಿಕ್ಕಮಗಳೂರಿನಿಂದ ಕೈಮರ, ಸಂತವೇರಿ ದಾಟಿ ಲಿಂಗದಹಳ್ಳಿಗೆ ಇಳಿದರೆ ಮಲೆನಾಡು ಮುಗಿದು ಬಯಲು ತೆರೆದುಕೊಳ್ಳುತ್ತದೆ. ಅಲ್ಲಿಂದ ತರೀಕೆರೆ ಅಥವಾ ಬೀರೂರಿನ ರೈಲು ನಿಲ್ದಾಣ ತಲುಪಬಹುದು. ಪಾರ್ಸೆಲ್ ಕಚೇರಿಯಿರುವ ನಿಲ್ದಾಣದಲ್ಲಿ ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಬೇಕಾಗುವುದರಿಂದ ರೈಲಿನ ಹೊತ್ತಿಗಿಂತ ಸಾಕಷ್ಟು ಮೊದಲೇ ಅಲ್ಲಿರಿ.

ಸಕಲೇಶಪುರದ ಕಡೆಯಿಂದ ಬರುವವರಿಗೆ ಹಾನುಬಾಳಿನ ಮೂಲಕ ಮೂಡಿಗೆರೆಗೆ ಹೋಗುವ ರಸ್ತೆ ಒಳ್ಳೆಯದು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಆ ನದಿಯ ಸೀಮೆಯಲ್ಲೇ ಗದ್ದೆ, ತೋಟ, ಮತ್ತೆ ಗದ್ದೆ ಎಂದು ದಾರಿ ಏರಿಳಿಯುತ್ತದೆ. ಉದ್ದನೆಯ ಘಾಟಿ ಇಲ್ಲದಿದ್ದರೂ ಸಣ್ಣ ಏರುಗಳು ಒಂದರ ಹಿಂದೊಂದು ಬರುತ್ತಲೇ ಇರುವುದರಿಂದ ಸಂಜೆಯ ಹೊತ್ತಿಗೆ ಆಯಾಸ ನಿರೀಕ್ಷೆಗಿಂತ ಹೆಚ್ಚೇ ಆಗುತ್ತದೆ. ಹೆತ್ತೂರಿನ ಮೂಲಕ ಬಿಸಿಲೆಗೆ ಹೋಗಿ ಘಾಟಿಯಲ್ಲಿ ಸುಬ್ರಹ್ಮಣ್ಯದ ಬಳಿಯ ಕುಳ್ಕುಂದಕ್ಕೆ ಇಳಿಯುವ ದಾರಿ ಇನ್ನೂ ಚೆಲುವಾದದ್ದು. ಆದರೆ ಅದು ದಟ್ಟ ಕಾಡಿನ ಕಿರಿದಾದ ರಸ್ತೆಯಾದ್ದರಿಂದ ಒಬ್ಬರೇ ಹೋಗಬಾರದು, ಮಳೆಗಾಲದಲ್ಲಂತೂ ಹೋಗಲೇಬಾರದು.

ಈ ಭಾಗದಲ್ಲಿ ಆನೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳು ಬೀಡುಬಿಡುತ್ತವೆ. ತೋಟದ ಕಾರ್ಮಿಕರೂ ಬೆಳೆಗಾರರೂ ಅವುಗಳ ದಾಳಿಯಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಕಾರಿನವರಿಗೆ ಕೇಳಿಸದ ಸದ್ದು ನಿಮಗೆ ಕೇಳಿಸುತ್ತದೆ ಎಂಬುದು ಸೈಕಲ್ಲಿನ ಅನುಕೂಲ. ನಿಮ್ಮ ಸದ್ದು ಆನೆಗೆ ಕೇಳಿಸದೆ ನೀವು ಅದರ ತೀರ ಹತ್ತಿರಕ್ಕೆ ಹೋಗಿಬಿಡಬಹುದು ಎಂಬುದು ಅದರ ಅಪಾಯ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಸಂಜೆ ನಾಲ್ಕರ ಒಳಗೆ ತಂಗುವ ಊರನ್ನು ಸೇರಿಕೊಳ್ಳಿ. ದಾರಿಯ ಪ್ರತಿ ಗೂಡಂಗಡಿಯಲ್ಲೂ, 'ಅಣ್ಣಾ, ಮುಂದೆ ಆನೆ ಇದೆಯಾ?' ಎಂದು ಕೇಳಿಕೊಂಡೇ ಹೋಗಿ. ಅರಣ್ಯ ಇಲಾಖೆಯ ಸೂಚನೆಯ ಜೊತೆಗೆ ಊರಿನವರ ಮಾತನ್ನೂ ಪಾಲಿಸಿ. ಕಿವಿಗೆ ಇಯರ್‌ಫೋನ್ ಹಾಕಬೇಡಿ. ರಸ್ತೆಯಲ್ಲಿ ಹಸಿ ಲದ್ದಿಯೋ ಆಗತಾನೇ ಮುರಿದ ಕೊಂಬೆಯೋ ಕಂಡರೆ ನಿಲ್ಲಿ, ಹಿಂದಿನಿಂದ ಬರುವ ಬಸ್ಸಿಗೋ ಜೀಪಿಗೋ ಕಾಯಿರಿ. ಆನೆ ಕಂಡರೆ ಫೋಟೊದ ಯೋಚನೆ ಬಿಟ್ಟು ಸದ್ದಿಲ್ಲದೆ ಹಿಂದಕ್ಕೆ ಸರಿಯಿರಿ.

ಕಾಲದ ಆಯ್ಕೆಗೆ ಬಂದರೆ, ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ನವೆಂಬರಿನಿಂದ ಕಾಫಿ ಕೊಯ್ಲು ನಡೆಯುವುದರಿಂದ ಬೆಳಿಗ್ಗೆ ಎಂಟರ ಹೊತ್ತಿಗೂ ಸಂಜೆಯೂ ಕಾರ್ಮಿಕರನ್ನು ತುಂಬಿಕೊಂಡ ಪಿಕಪ್, ಜೀಪುಗಳು ಒಳರಸ್ತೆಗಳಲ್ಲಿ ವೇಗವಾಗಿ ಓಡುತ್ತವೆ. ಅವರ ಹೊತ್ತು ಅವರಿಗೆ ಮುಖ್ಯ, ನೀವು ಪಕ್ಕಕ್ಕೆ ನಿಂತು ದಾರಿ ಬಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕೆಲವು ದಿನಗಳಾದ ಮೇಲೆ ತೋಟಗಳೆಲ್ಲ ಒಮ್ಮೆಗೇ ಬಿಳಿಯಾಗಿ ಅರಳುತ್ತವೆ, ಆ ಪರಿಮಳದ ನಡುವೆ ಸಾಗುವ ಭಾಗ್ಯ ಮುಚ್ಚಿದ ಗಾಜಿನ ಕಾರಿನವರಿಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ದಾರಿಗಳನ್ನು ಬಿಟ್ಟುಬಿಡಿ, ಹಾಗೆಂದು ಸೈಕಲ್ಲನ್ನು ಮೂಲೆಗಿಡಬೇಕಾಗಿಲ್ಲ. ಗಿರಿಸಾಲಿನ ಪೂರ್ವಕ್ಕೆ ಹೋದಂತೆ ಮಳೆ ಬಹುಬೇಗ ಕಡಿಮೆಯಾಗುತ್ತದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಕಡೆಗೋ, ಜಾವಗಲ್ ದಾರಿಯಲ್ಲಿ ಬೆಳವಾಡಿಯ ಹೊಯ್ಸಳ ದೇವಾಲಯಕ್ಕೋ ಹೋಗಬಹುದು. ಬೆಳವಾಡಿಯಿಂದ ಹಳೇಬೀಡು, ಬೇಲೂರು ಸುತ್ತಿ ಚಿಕ್ಕಮಗಳೂರಿಗೆ ಮರಳಿದರೆ ಒಟ್ಟು ಸುಮಾರು 80 ಕಿಲೋಮೀಟರ್ ಆಗುತ್ತದೆ. ಹಳೇಬೀಡಿನಿಂದ ಬೇಲೂರಿನವರೆಗೆ ಮಾತ್ರ ಹೆದ್ದಾರಿಯ ಸಂಚಾರವನ್ನು ಸಹಿಸಿಕೊಳ್ಳಬೇಕು.

ಸೈಕಲ್ ದುಬಾರಿಯದಾಗಿರಬೇಕಿಲ್ಲ, ಆದರೆ ಹಗುರವಾದ ಗೇರ್ ಇರಲೇಬೇಕು. ಹಿಂದಿನ ಚಕ್ರದ ಅತಿ ದೊಡ್ಡ ಹಲ್ಲುಗಾಲಿಯಲ್ಲಿ ಕನಿಷ್ಠ 32 ಹಲ್ಲುಗಳಿದ್ದರೆ ಕಡಿದಾದ ಏರಿನಲ್ಲೂ ಮಂಡಿಗೆ ನೋವಾಗದು. ಟೈರು 28 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಒಳರಸ್ತೆಯ ಜಲ್ಲಿಯಲ್ಲಿ ಕಷ್ಟ. 32 ಇದ್ದರೆ ಒಳ್ಳೆಯದು. ಎರಡು ಟ್ಯೂಬು, ಪಂಕ್ಚರ್ ಸಾಮಾನು, ಪಂಪು, ಬ್ರೇಕಿಗೆ ಹೊಸ ಪ್ಯಾಡು, ಮಂಜಿಗಾಗಿ ಹಿಂದೆ ಮುಂದೆ ದೀಪ, ಬೆವರಿದ ಮೈಯಲ್ಲಿ ಇಳಿಯುವಾಗ ಹಾಕಿಕೊಳ್ಳಲು ಗಾಳಿ ತಡೆಯುವ ಅಂಗಿ, ಇಷ್ಟನ್ನು ಮರೆಯಬೇಡಿ. ಗೇರ್ ಸೈಕಲ್ಲಿನ ಬಿಡಿಭಾಗ ಹಳ್ಳಿಯಲ್ಲಿ ಸಿಗುವುದಿಲ್ಲ. ಮೊಬೈಲ್ ಸಿಗ್ನಲ್ ಬಹಳ ಕಡೆ ಇರದ ಕಾರಣ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಎಲ್ಲಿ ಇರುತ್ತೀರೆಂದು ತಂಗಿರುವ ಮನೆಯವರಿಗೆ ಹೇಳಿ ಹೊರಡಿ.

ನಕ್ಷೆಯಲ್ಲಿ ರಸ್ತೆಯೆಂದು ಕಾಣುವ ಎಷ್ಟೋ ಗೆರೆಗಳು ಖಾಸಗಿ ಎಸ್ಟೇಟಿನ ದಾರಿಗಳಾಗಿರುತ್ತವೆ. ಗೇಟು ತೆರೆದಿದ್ದರೂ ಒಳಗೆ ನುಗ್ಗದೆ ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರನ್ನೋ ತೋಟದ ಲೆಕ್ಕ ನೋಡುವ ರೈಟರನ್ನೋ ಕೇಳಿ. ಅವರು ಬಿಟ್ಟರೆ ಹೋಗಿ, ಬೇಡವೆಂದರೆ ಮುಖ್ಯರಸ್ತೆಗೆ ಮರಳಿ.