ಎರೆ ಮಣ್ಣಿನಲ್ಲಿ ಮಡಕೆ ನೀರಾವರಿ: ನನ್ನ ಅನುಭವ

ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಹೂತು ನೀರು ತುಂಬಿದರೆ, ನೀರು ಮೆಲ್ಲಗೆ ಒಸರಿ ಬೇರಿಗೆ ಸೇರುತ್ತದೆ. ಇದೇ ಮಡಕೆ ನೀರಾವರಿ. ನಮ್ಮ ಕಪ್ಪು ಎರೆ ಮಣ್ಣಿಗೆ ಇದು ಒಗ್ಗುವುದಿಲ್ಲ ಎಂದು ಕಲಬುರಗಿಯ ನಮ್ಮ ತೋಟದ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಆದರೆ ಈ ಬೇಸಿಗೆ ಮಾರ್ಚ್ ಹೊತ್ತಿನ ಅಪ್ಪನ (ಶರಣಬಸವೇಶ್ವರರ) ಜಾತ್ರೆಯಿಂದ ಜೂನ್ ಮೊದಲಿಗೆ ಮಿರಗದ (ಮೃಗಶಿರ) ಮಳೆ ಬೀಳುವ ತನಕ ಹೀರೆ, ಹಾಗಲ, ಬದನೆ ಮೂರೂ ಉಳಿದವು. ಹೀರೆ ಏಪ್ರಿಲ್ ಕೊನೆಯವರೆಗೂ ಕಾಯಿ ಕೊಟ್ಟಿತು. ಟ್ಯಾಂಕರ್ ವಾರಕ್ಕೊಂದು ಬೇಕಾಗಿದ್ದದ್ದು ಹದಿನೈದು ದಿನಕ್ಕೊಂದಕ್ಕೆ ಇಳಿಯಿತು.

ಮೊದಲ ವರ್ಷ ಆರು ಲೀಟರಿನ 24 ಮಡಕೆ ತಂದೆ, ಎಲ್ಲಾ ಸೇರಿ 1,700 ರೂಪಾಯಿ ಹತ್ತಿರ. ಗುಂಡಿ ತೋಡಿ ನೇರವಾಗಿ ಹೂತದ್ದೇ ತಪ್ಪು. ಮಾರ್ಚ್‌ನಲ್ಲಿ ಮಣ್ಣು ಬಿರಿದು ಮಡಕೆಯ ಸುತ್ತ ಬೆರಳು ಇಳಿಯುವಷ್ಟು ಸಂದು ಬಿತ್ತು. ನೀರು ಒಸರಿ ಬೇರಿಗೆ ಹೋಗಬೇಕಾದರೆ ಮಡಕೆ, ಮಣ್ಣು ಅಂಟಿಕೊಂಡೇ ಇರಬೇಕು. ಸಂದಿನಲ್ಲಿ ಬಿಸಿಗಾಳಿ ಆಡಿ ಅಷ್ಟೂ ನೀರು ಆರಿಹೋಯಿತು. ಮಡಕೆ ದಿನಾ ಖಾಲಿ, ಬಳ್ಳಿ ದಿನಾ ಬಾಡು. ಹನ್ನೊಂದು ಮಡಕೆ ಒಡೆದವು.

ಈಗ ಮಡಕೆಗಿಂತ ಗುಂಡಿಯನ್ನು ಎಲ್ಲಾ ಕಡೆ ನಾಲ್ಕು ಇಂಚು ಅಗಲ ತೋಡುತ್ತೇನೆ. ಆ ಸಂದಿಗೆ ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು ಕಲಸಿ, ನೀರು ಚಿಮುಕಿಸುತ್ತಾ ಕೈಯಿಂದ ಒತ್ತಿ ತುಂಬುತ್ತೇನೆ. ಈ ಪದರ ಬಿರಿಯುವುದಿಲ್ಲ. ಬೇರುಗಳು ಇದರೊಳಗೇ ಬಂದು ಮಡಕೆಗೆ ಬಲೆಯ ಹಾಗೆ ಸುತ್ತಿಕೊಳ್ಳುತ್ತವೆ. ಕಿತ್ತಾಗ ನೋಡಿದರೆ ಮಣ್ಣೇ ಕಾಣದಷ್ಟು ಬಿಳಿ ಬೇರು. ಮರಳು ಸಿಗದಿದ್ದರೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಷ್ ಮಾಡುವಾಗ ಬೀಳುವ ಪುಡಿ ಮಾತ್ರ ಬೇಡ. ಫರ್ಸಿ ಎಂದರೆ ಶಹಾಬಾದ್ ಕಲ್ಲು, ಅದು ಸುಣ್ಣದ ಕಲ್ಲು, ನಮ್ಮ ಮಣ್ಣು ಮೊದಲೇ ಕ್ಷಾರ. ಗುಲಾಬಿಗೆ ಹಾಕಿ ನೋಡಿದಾಗ ನರ ಹಸಿರು ಉಳಿದು ಎಲೆಯೆಲ್ಲಾ ಹಳದಿಯಾಯಿತು.

ಮಡಕೆಯ ಕುತ್ತಿಗೆ ಎರಡು ಇಂಚು ಮೇಲಿರಲಿ, ಹೊರಗೆ ಕಾಣುವ ಭಾಗಕ್ಕೆ ಬಿಳಿ ಪೇಂಟ್ ಬಳಿಯಿರಿ. ಬಾಯಿಗೆ ಫರ್ಸಿ ತುಂಡು ಮುಚ್ಚಲೇಬೇಕು, ಇಲ್ಲವಾದರೆ ಸೊಳ್ಳೆ. ಬಳ್ಳಿಗೆ ಮೂರು ಅಡಿಗೊಂದು ಮಡಕೆ ಸಾಕು. ಬೀಜ ಮಾತ್ರ ಜನವರಿ ಕೊನೆಯೊಳಗೆ ಬಿದ್ದಿರಬೇಕು. ತಡವಾದರೆ ಹೂ ಉದುರುವುದನ್ನು ಯಾವ ಮಡಕೆಯೂ ತಡೆಯದು. ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ ತುಂಬಿದ್ದೇನೆ, ಫೆಬ್ರವರಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ.

ಒಳ್ಳೆಯ ಮಡಕೆ ಗೊತ್ತಾಗುವುದು ಹೀಗೆ: ಸಂಜೆ ನೀರು ತುಂಬಿಡಿ, ಬೆಳಿಗ್ಗೆ ಹೊರಮೈ ಎಲ್ಲಾ ಕಡೆ ಒಂದೇ ಸಮ ಬೆವರಿರಬೇಕು. ಹನಿ ತೊಟ್ಟಿಕ್ಕಿದರೆ ಬೇಡ. ನಾನು ಕುಂಬಾರರಿಗೆ ಹೇಳಿ ಮಣ್ಣಿಗೆ ಒಂದು ವಸ್ತು ಬೆರೆಸಿ ಸುಡಿಸುತ್ತೇನೆ. ಅದೇನು, ಎಷ್ಟು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ, ಇನ್ನೊಂದು ಬೇಸಿಗೆ ನೋಡಬೇಕು.

ಬೋರಿನ ಗಡಸು ನೀರಿಗೆ ಮಡಕೆಯ ರಂಧ್ರ ಉಪ್ಪಿನಿಂದ ಕಟ್ಟುತ್ತವೆ. ನೀರು ಇಳಿಯುವುದು ನಿಧಾನವಾದರೆ ಮಡಕೆ ತೆಗೆದು, ನಿಂಬೆ ರಸ ಹಿಂಡಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ. ಅದಕ್ಕೇ ಹತ್ತಕ್ಕೆ ಎರಡು ಮಡಕೆ ಹೆಚ್ಚು ಇಟ್ಟುಕೊಳ್ಳುತ್ತೇನೆ.

ಮಣ್ಣಿನ ತೇವ ಆರದಂತೆ ಗಿಡದ ಸುತ್ತ ನೆಲದ ಮೇಲೆ ತೊಗರಿ ಹೊಟ್ಟು ಮೂರು ಇಂಚು ಹರಡುತ್ತೇನೆ. ಗೆದ್ದಲು ಬರುತ್ತದೆ ಎಂದು ಬಹಳ ಹೆದರಿಸಿದರು. ಬಂದದ್ದು ಒಣ ಅಂಚಿಗೆ ಮಾತ್ರ, ಬೇವಿನ ಹಿಂಡಿ ಬೆರೆಸಿದ ಮೇಲೆ ಕಾಣಲಿಲ್ಲ. ಹೊಸ ಹೊಟ್ಟನ್ನು ರಾಶಿ ಹಾಕಿ ನೆನೆಸಿದರೆ ಕಾವು ಏರಿ ಸಸಿ ಬೇಯುತ್ತದೆ. ಎರಡು ತಿಂಗಳು ಹಳೆಯದನ್ನೇ ಹಾಕಿ, ಕಾಂಡದಿಂದ ನಾಲ್ಕು ಬೆರಳು ಬಿಡಿ. ಗಾಳಿಗೆ ಹಾರದಂತೆ ತೊಗರಿ ಕಟ್ಟಿಗೆ ಅಡ್ಡ ಇಟ್ಟರೆ ಸಾಕು. ಎಲೆ ಬಿಳಿಚಿದರೆ ಹದಿನೈದು ದಿನಕ್ಕೊಮ್ಮೆ ಸಗಣಿ ನೀರು ಕೊಡಿ.

ಬೀದರಿನ ಸ್ನೇಹಿತರೊಬ್ಬರ ಕೆಂಪು ಮಣ್ಣಿನಲ್ಲಿ ಈ ಸುತ್ತುಪದರವೇ ಬೇಡ, ನೇರ ಹೂತರೂ ನಡೆಯಿತು. ಪುಂಡಿ ಸೊಪ್ಪಿಗೆ ಮಡಕೆ ಹೂಳುವುದು ದಂಡ, ಅದು ಹಾಗೆಯೇ ಬಿಸಿಲು ತಾಳುತ್ತದೆ. ಮಲ್ಲಿಗೆಗೆ ಈ ವರ್ಷ ಎರಡೇ ಮಡಕೆ ಇಟ್ಟಿದ್ದೇನೆ, ಮೊಗ್ಗು ದಪ್ಪವಾಗಿವೆ.

ಮಿರಗ ಬಿದ್ದ ವಾರದೊಳಗೆ ಎಲ್ಲಾ ಮಡಕೆ ಕಿತ್ತುಬಿಡಿ. ನೆನೆದ ಎರೆ ಮಣ್ಣು ಉಬ್ಬಿ ಹಿಂಡಿದರೆ ನಾಲ್ಕು ಇಂಚಿನ ಪದರವೂ ಮಡಕೆ ಉಳಿಸದು. ತೊಳೆದು, ಬಿಸಿಲಿಗೆ ಒಣಗಿಸಿ, ಬೋರಲು ಹಾಕಿ ಇಡಿ. ಖಾಲಿ ಗುಂಡಿಗೆ ಹಳೆಯ ಹೊಟ್ಟನ್ನೇ ತುಂಬಿ ಮೆಣಸಿನ ಸಸಿ ನಾಟಿ ಮಾಡಬಹುದು.